ಬೋರ್ಡಿನ ಮೇಲೆ ಮಾಂಟೆಸ್ಸರಿ: ಆ ಹೆಸರಿನ ಡಾಕ್ಟರಮ್ಮ ಬದುಕಿದ್ದು ಹೀಗೆ

ಜಮಖಂಡಿ: ಏಪ್ರಿಲ್ ಮುಗಿದು ಮೇ ಬಂತಂದ್ರೆ ಸಾಕು, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಯಾವ ಊರಿಗೆ ಹೋದರೂ ಕರೆಂಟ್ ಕಂಬ, ಕಾಂಪೌಂಡ್ ಗೋಡೆ, ಆಟೋ ಹಿಂಬದಿ ಎಲ್ಲ ಕಡೆ ಅಡ್ಮಿಷನ್ ಬ್ಯಾನರ್. ಅದರಾಗ ತಪ್ಪದೇ ಕಾಣುವ ಒಂದು ಪದ ಮಾಂಟೆಸ್ಸರಿ. ಒಬ್ಬರು ಮಾಂಟೇಸರಿ ಅಂತ ಬರೀತಾರೆ, ಇನ್ನೊಬ್ಬರು ಮೊಂಟೆಸ್ಸೊರಿ. ಕೆಲವು ಕಡೆ ಅದು ಶಾಲೆಯ ಹೆಸರು, ಕೆಲವು ಕಡೆ ತರಗತಿಯ ಹೆಸರು. ಎಲ್‌ಕೆಜಿ ಅನ್ನೋ ಬದಲು ಮಾಂಟೆಸ್ಸರಿ ಒನ್, ಯುಕೆಜಿ ಅನ್ನೋ ಬದಲು ಮಾಂಟೆಸ್ಸರಿ ಟೂ. ಮಂದಿಯ ಬಾಯಲ್ಲಿ ಅದರ ಅರ್ಥ ಇಷ್ಟೇ: ಸಣ್ಣ ಹುಡುಗರ ಇಂಗ್ಲಿಷ್ ಸಾಲಿ, ಟೈ-ಬೂಟು, ವ್ಯಾನ್, ಸ್ವಲ್ಪ ಜಾಸ್ತಿ ಫೀ.

ಅದು ಒಬ್ಬ ಹೆಣ್ಣುಮಗಳ ಅಡ್ಡಹೆಸರು ಅನ್ನೋದು ಎಷ್ಟೋ ಮಂದಿಗೆ ಗೊತ್ತಿಲ್ಲ. ನಮ್ಮಲ್ಲಿ ಪಾಟೀಲ, ದೇಸಾಯಿ ಇದ್ದಂಗ ಇಟಲಿಯಲ್ಲಿ ಮಾಂಟೆಸ್ಸರಿ. ಆಕೆ ಟೀಚರ್ ಆಗಿರಲಿಲ್ಲ, ಡಾಕ್ಟರ್ ಆಗಿದ್ದರು. ಹತ್ತಿರ ಹತ್ತಿರ 10 ವರ್ಷ ಭಾರತದಲ್ಲೇ ಇದ್ದರು. ತಮ್ಮ ಹೆಸರನ್ನು ಯಾರು ಬೇಕಾದರೂ ಹಚ್ಚಿಕೊಳ್ಳಬಾರದು ಅಂತ ಜೀವನಪೂರ್ತಿ ಗುದ್ದಾಡಿದರು, ಆ ಗುದ್ದಾಟದಲ್ಲಿ ಸೋತರು. ಹೆಸರಿನ ಬೆಲೆ ಏನು ಅನ್ನೋದು ಅಮೀನಗಡದಲ್ಲಿ ಮಾಡದ ಕರದಂಟಿಗೂ ಅಮೀನಗಡ ಅಂತ ಬೋರ್ಡ್ ಹಾಕುವುದನ್ನು, ಇಳಕಲ್ಲಿನ ಮಗ್ಗ ನೋಡದ ಸೀರೆ ಇಳಕಲ್ ಸೀರೆ ಅಂತ ಮಾರಾಟ ಆಗುವುದನ್ನು, ಸಣಕಲು ನಾಯಿ ಕಂಡರೆ ಸಾಕು ಮುಧೋಳ ತಳಿ ಅನ್ನುವುದನ್ನು ನೋಡಿದ ನಮ್ಮ ಜಿಲ್ಲೆಯ ವ್ಯಾಪಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮಾರಿಯಾ ಮಾಂಟೆಸ್ಸರಿ ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಅಂಕೋನಾ ಹತ್ತಿರದ ಕಿಯಾರವಾಲೆ ಅನ್ನೋ ಸಣ್ಣ ಊರಲ್ಲಿ. ಅಪ್ಪ ಅಲೆಸ್ಸಾಂದ್ರೊ ಸರ್ಕಾರಿ ನೌಕರ. ಆಗ ಇಟಲಿಯಲ್ಲಿ ತಂಬಾಕು ವ್ಯವಹಾರ ಸರ್ಕಾರದ್ದೇ, ಆ ಇಲಾಖೆಯಲ್ಲಿ ಆತನ ಕೆಲಸ. ತಾಯಿ ರೆನಿಲ್ದೆ ಓದಿನ ಹುಚ್ಚಿದ್ದ ಹೆಂಗಸು. ಆ ಕಾಲದ ಇಟಲಿಯ ಸಣ್ಣ ಊರಲ್ಲಿ ಹೆಣ್ಣುಮಗಳು ಪುಸ್ತಕ ಹಿಡಿಯುವುದೇ ದೊಡ್ಡದು. ಮಗಳ ಪ್ರತಿ ಹಠಕ್ಕೂ ಅಪ್ಪ ಬೇಡ ಅಂದರೆ ತಾಯಿ ಹೂಂ ಅನ್ನುತ್ತಿದ್ದಳು. ಒಬ್ಬಳೇ ಮಗಳು ಬೇರೆ.

ಕುಟುಂಬ ರೋಮ್ ನಗರಕ್ಕೆ ಬಂತು. 13ನೇ ವಯಸ್ಸಿಗೆ ಹುಡುಗಿ ಗಂಡುಹುಡುಗರ ಟೆಕ್ನಿಕಲ್ ಶಾಲೆಗೆ ಸೇರಿದಳು. ಇಂಜಿನಿಯರ್ ಆಗೋ ಆಸೆ. ಹುಡುಗಿಯರಿಗೆ ಇದ್ದ ದಾರಿ ಒಂದೇ, ಟೀಚರ್ ಆಗೋದು, ಅದು ಮಾತ್ರ ಬೇಡ ಅಂತ ಆಕೆಯ ಹಠ. ಮುಂದೆ ಜಗತ್ತಿನಲ್ಲೆಲ್ಲ ಟೀಚರ್‌ಗಳು ಆಕೆಯ ಹೆಸರು ಹೇಳಿ ಸಂಬಳ ತಗೊಳ್ಳುವಂತಾಯಿತು, ಅದು ಬೇರೆ ಮಾತು. ಓದುತ್ತ ಓದುತ್ತ ಮನಸ್ಸು ಡಾಕ್ಟರಿಕೆ ಕಡೆ ತಿರುಗಿತು.

ರೋಮ್ ವಿಶ್ವವಿದ್ಯಾಲಯದಲ್ಲಿ ಹೆಣ ಕೊಯ್ಯುವ ಪಾಠ ಇದ್ದೇ ಇರುತ್ತದಲ್ಲ. ಗಂಡಸರ ಜೊತೆ ಒಂದೇ ಕೋಣೆಯಲ್ಲಿ ಹೆಣ್ಣುಮಗಳು ಬೆತ್ತಲೆ ಹೆಣದ ಮುಂದೆ ನಿಲ್ಲೋದು ಮರ್ಯಾದೆ ಅಲ್ಲ ಅಂತ ಆ ಕಾಲದ ತೀರ್ಮಾನ. ಹಂಗಾಗಿ ಎಲ್ಲರೂ ಹೋದ ಮೇಲೆ, ಕತ್ತಲಾದ ಮೇಲೆ, ಮಾರಿಯಾ ಒಬ್ಬರೇ ಆ ಕೋಣೆಯಲ್ಲಿ ಕೆಲಸ ಮಾಡಬೇಕಾಗುತ್ತಿತ್ತು. 1896ರಲ್ಲಿ ಡಿಗ್ರಿ ಬಂತು. ಇಟಲಿಯ ಮೊದಲ ಮಹಿಳಾ ಡಾಕ್ಟರ್ ಅಂತ ಎಷ್ಟೋ ಕಡೆ ಬರೆದಿರುತ್ತಾರೆ, ಅದೂ ಒಂದು ತಪ್ಪು ಲೇಬಲ್. ಅವರಿಗಿಂತ ಮೊದಲೇ ಅಲ್ಲಿ ಕೆಲವು ಹೆಣ್ಣುಮಕ್ಕಳು ಡಾಕ್ಟರಿಕೆ ಮುಗಿಸಿದ್ದರು. ಅದೇ ವರ್ಷ ಬರ್ಲಿನ್‌ನಲ್ಲಿ ನಡೆದ ಮಹಿಳೆಯರ ಸಮ್ಮೇಳನಕ್ಕೆ ಹೋಗಿ, ಹೆಣ್ಣಾಳಿಗೂ ಗಂಡಾಳಿಗೂ ಒಂದೇ ಕೂಲಿ ಕೊಡಬೇಕು ಅಂತ ಭಾಷಣ ಮಾಡಿ ಬಂದರು. ನಮ್ಮ ಹೊಲಗಳಲ್ಲಿ ಇವತ್ತಿಗೂ ಅದು ಪೂರ್ತಿ ಆಗಿಲ್ಲ.

ಡಾಕ್ಟರ್ ಆದವರು ಮಕ್ಕಳ ಕಡೆ ಬಂದದ್ದು ಒಂದು ಹುಚ್ಚಾಸ್ಪತ್ರೆಯಿಂದ. ಆಗ ಬುದ್ಧಿ ಬೆಳವಣಿಗೆ ಕಡಿಮೆ ಇದ್ದ ಮಕ್ಕಳನ್ನೂ ಮಾನಸಿಕ ರೋಗಿಗಳ ಜೊತೆಗೇ ಕೂಡಿ ಹಾಕುತ್ತಿದ್ದರು. ಊಟ ಆದ ಮೇಲೆ ಆ ಮಕ್ಕಳು ನೆಲದ ಮೇಲೆ ಬಿದ್ದು ರೊಟ್ಟಿಯ ಚೂರು ಹುಡುಕುತ್ತಿದ್ದವು. ಅವಕ್ಕೆ ಹೊಟ್ಟೆಬಾಕತನ ಅಂತ ಅಲ್ಲಿನ ಆಯಾ ಬೈಯುತ್ತಿದ್ದಳು. ಮಾರಿಯಾ ಸುತ್ತ ನೋಡಿದರು. ಕೋಣೆ ಖಾಲಿ. ಮುಟ್ಟಲಿಕ್ಕೆ, ಹಿಡಿಯಲಿಕ್ಕೆ, ಹೊರಳಿಸಲಿಕ್ಕೆ ಒಂದು ಸಾಮಾನೂ ಇಲ್ಲ. ಆ ಮಕ್ಕಳ ಕೈಗೆ ಸಿಗುತ್ತಿದ್ದದ್ದು ಆ ಚೂರು ಮಾತ್ರ. ಹಸಿವು ಹೊಟ್ಟೆಯದ್ದಲ್ಲ, ಕೈಯದ್ದು ಅಂತ ಅವರಿಗೆ ಅನಿಸಿತು. ಮುಂದಿನ ಅರ್ಧ ಶತಮಾನ ಅವರು ಮಾಡಿದ್ದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಇಟಾರ್, ಸೆಗ್ವಾ ಅನ್ನುವ ಇಬ್ಬರು ಹಳೆಯ ಫ್ರೆಂಚ್ ಡಾಕ್ಟರ್‌ಗಳ ಪುಸ್ತಕ ಹಿಡಿದು ಕೂತರು. 1900ರಲ್ಲಿ ಇಂಥ ಮಕ್ಕಳಿಗಾಗಿ ಶುರುವಾದ ಸಂಸ್ಥೆಯ ಜವಾಬ್ದಾರಿ ವಹಿಸಿದರು. ಬೆಳಗ್ಗೆಯಿಂದ ಸಂಜೆತನಕ ಮಕ್ಕಳ ಜೊತೆ, ರಾತ್ರಿ ಟಿಪ್ಪಣಿ. ಅಲ್ಲಿನ ಕೆಲವು ಮಕ್ಕಳು ಓದಲು ಬರೆಯಲು ಕಲಿತು ಸಾಮಾನ್ಯ ಮಕ್ಕಳ ಜೊತೆ ಪರೀಕ್ಷೆ ಬರೆದು ಪಾಸಾದವು. ಮಂದಿ ಪವಾಡ ಅಂದರು. ಮಾರಿಯಾಗೆ ಬೇರೆ ಪ್ರಶ್ನೆ ಬಂತು: ಈ ಮಕ್ಕಳೇ ಪಾಸಾದವು ಅಂದರೆ, ಚೆನ್ನಾಗಿರುವ ಮಕ್ಕಳನ್ನು ಶಾಲೆಗಳು ಎಷ್ಟು ಕೆಳಗೆ ಹಿಡಿದಿಟ್ಟಿರಬೇಕು?

ಇದೇ ಹೊತ್ತಿನಲ್ಲಿ ಅವರ ಸ್ವಂತ ಬದುಕಿನಲ್ಲಿ ಒಂದು ಗಾಯ ಆಯಿತು. ಜೊತೆಗೆ ಕೆಲಸ ಮಾಡುತ್ತಿದ್ದ ಡಾಕ್ಟರ್ ಜುಸೆಪ್ಪೆ ಮೊಂತೆಸಾನೊ ಜೊತೆ ಪ್ರೀತಿ, 1898ರಲ್ಲಿ ಮಗ ಮಾರಿಯೊ ಹುಟ್ಟಿದ. ಮದುವೆ ಆಗಲಿಲ್ಲ. ಗೊತ್ತಾದರೆ ಕೆಲಸ, ಮರ್ಯಾದೆ ಎರಡೂ ಹೋಗುತ್ತಿತ್ತು. ಕೂಸನ್ನು ಹಳ್ಳಿಯ ಒಂದು ಕುಟುಂಬದ ಹತ್ತಿರ ಬಿಟ್ಟರು. ಆಮೇಲೆ ಆ ಡಾಕ್ಟರ್ ಬೇರೆಯವರನ್ನು ಮದುವೆಯಾದ. ಮಾರಿಯಾ ಆ ಸಂಸ್ಥೆ ಬಿಟ್ಟು ಹೊರಬಂದು ಮತ್ತೆ ವಿದ್ಯಾರ್ಥಿಯಂಗ ಕೂತು ಓದಿದರು. ಜಗತ್ತಿನ ಮಕ್ಕಳ ಬಗ್ಗೆ ಯೋಚನೆ ಮಾಡಿದ ಹೆಂಗಸು ಸ್ವಂತ ಮಗನನ್ನು ಬೆಳೆಸಲಿಲ್ಲ ಅಂತ ಆಡಿಕೊಳ್ಳುವವರು ಈಗಲೂ ಇದ್ದಾರೆ. ಅಂಥದ್ದೇ ಮಾತು ಆ ಡಾಕ್ಟರ್ ಬಗ್ಗೆ ಯಾರೂ ಆಡಿದ್ದು ಕೇಳಿಬರುವುದಿಲ್ಲ.

ಗೋಡೆ ಹೊಲಸಾಗದಿರಲಿ ಅಂತ ಶುರುವಾದ ಶಾಲೆ

ಮಾಂಟೆಸ್ಸರಿ ಪದ್ಧತಿಯ ಮೊದಲ ಶಾಲೆ ಶ್ರೀಮಂತರ ಮಕ್ಕಳಿಗೆ ಇರಲಿಲ್ಲ. ರೋಮ್ ನಗರದ ಸ್ಯಾನ್ ಲೊರೆಂಜೊ ಅನ್ನುವುದು ಕೂಲಿ ಮಂದಿಯ ಬಡಾವಣೆ. ಅಲ್ಲಿನ ಹಾಳುಬಿದ್ದ ವಠಾರಗಳನ್ನು ಒಂದು ಕಟ್ಟಡ ಕಂಪನಿ ರಿಪೇರಿ ಮಾಡಿಸಿ ಬಾಡಿಗೆಗೆ ಕೊಟ್ಟಿತು. ಅಪ್ಪ-ಅವ್ವ ಇಬ್ಬರೂ ಬೆಳಗ್ಗೆ ಕೆಲಸಕ್ಕೆ ಹೋದರೆ ಸಾಲಿಗೆ ಹೋಗುವ ವಯಸ್ಸಾಗದ ಮಕ್ಕಳು ಇಡೀ ದಿನ ಮೆಟ್ಟಿಲ ಮೇಲೆ ಓಡಾಡಿ, ಹೊಸದಾಗಿ ಸುಣ್ಣ ಬಳಿದ ಗೋಡೆಗೆ ಗೀಚಿ, ಕಟ್ಟಡ ಹಾಳು ಮಾಡುತ್ತಿದ್ದವು. ದಿನಾ ರಿಪೇರಿ ಮಾಡಿಸುವುದಕ್ಕಿಂತ ಮಕ್ಕಳನ್ನೆಲ್ಲ ಒಂದು ಕೋಣೆಯಲ್ಲಿ ಕೂಡಿಸಿ ಒಬ್ಬರನ್ನು ಕಾವಲಿಗೆ ಇಟ್ಟರೆ ಖರ್ಚು ಕಡಿಮೆ ಅಂತ ಕಂಪನಿ ಲೆಕ್ಕ ಹಾಕಿತು. ಉಸ್ತುವಾರಿಗೆ ಕೇಳಿದ್ದು ಡಾಕ್ಟರ್ ಮಾಂಟೆಸ್ಸರಿಯನ್ನು. ಅವರು ಒಪ್ಪಿದರು. 1907ರ ಜನವರಿ 6ರಂದು ಮಾರ್ಸಿ ಬೀದಿಯ 58ನೇ ನಂಬರಿನಲ್ಲಿ ಕೋಣೆ ತೆರೆಯಿತು. ಐವತ್ತರ ಮೇಲೆ ಮಕ್ಕಳು, ಹೆಚ್ಚಿನವರು 3ರಿಂದ 6 ವರ್ಷದವರು.

ಬನಹಟ್ಟಿ, ರಬಕವಿಯಲ್ಲಿ ಪಾವರ್‌ಲೂಮ್ ಸದ್ದಿನ ನಡುವೆ ನೂಲಿನ ರಾಶಿ ಪಕ್ಕದಲ್ಲೇ ಬೆಳೆಯುವ ಮಕ್ಕಳನ್ನು ನೋಡಿದವರಿಗೆ, ಸೀಜನ್ ಬಂದಾಗ ಕಬ್ಬು ಕಡಿಯಲು ಬಂದ ಗ್ಯಾಂಗಿನ ಮಕ್ಕಳು ಟ್ರಾಲಿಯ ನೆರಳಲ್ಲಿ ಮಲಗಿದ್ದು ನೋಡಿದವರಿಗೆ ಆ ಸ್ಯಾನ್ ಲೊರೆಂಜೊ ಹೆಂಗಿತ್ತು ಅಂತ ಅರ್ಥ ಆಗುತ್ತದೆ.

ಇನ್ನೊಂದು ಗಮನಿಸಬೇಕಾದ ಸಂಗತಿ: ಆ ಶಾಲೆಗೆ ಮಾಂಟೆಸ್ಸರಿ ಅಂತ ಹೆಸರು ಇರಲಿಲ್ಲ. ಇಟಲಿ ಭಾಷೆಯಲ್ಲಿ ಅದರ ಹೆಸರಿನ ಅರ್ಥ ಮಕ್ಕಳ ಮನೆ. ಬರೀ ಅಷ್ಟೇ.

ಟೀಚರ್ ಟ್ರೇನಿಂಗ್ ಆದವರು ಯಾರೂ ಇರಲಿಲ್ಲ, ಮಾರಿಯಾಗೆ ಬೇಕಾಗಿಯೂ ಇರಲಿಲ್ಲ. ಮಕ್ಕಳ ಅಳತೆಗೆ ತಕ್ಕ ಸಣ್ಣ ಕುರ್ಚಿ-ಮೇಜು ಮಾಡಿಸಿದರು. ಕೈ ತೊಳೆಯುವುದು, ಮೂಗು ಒರೆಸುವುದು, ಗುಂಡಿ ಹಾಕುವುದು, ಕಸ ಗುಡಿಸುವುದು ಇವೇ ಮೊದಲ ಪಾಠ. ಮೂಗನ್ನು ಸದ್ದಿಲ್ಲದೆ ಹೆಂಗ ಒರೆಸಿಕೊಳ್ಳಬೇಕು ಅಂತ ಮಾರಿಯಾ ತೋರಿಸಿದಾಗ ಮಕ್ಕಳೆಲ್ಲ ಚಪ್ಪಾಳೆ ಹೊಡೆದವಂತೆ. ಅದುತನಕ ಅವಕ್ಕೆ ಮೂಗಿನ ಬಗ್ಗೆ ಬೈಗುಳ ಬಿಟ್ಟು ಬೇರೇನೂ ಸಿಕ್ಕಿರಲಿಲ್ಲ.

ಒಂದು ದಿನ ಮೂರು ವರ್ಷದ ಹುಡುಗಿಯೊಬ್ಬಳು ಮರದ ಕಟ್ಟೆಯ ತೂತುಗಳಲ್ಲಿ ಬೇರೆ ಬೇರೆ ಗಾತ್ರದ ಮರದ ಗುಂಡುಗಳನ್ನು ಕೂಡಿಸಿ, ತೆಗೆದು, ಮತ್ತೆ ಕೂಡಿಸುತ್ತಿದ್ದಳು. ಮಾರಿಯಾ ಎಣಿಸತೊಡಗಿದರು. ಸುತ್ತ ಮಕ್ಕಳಿಗೆ ಹಾಡು ಹೇಳಿಸಿದರು, ಹುಡುಗಿ ತಲೆ ಎತ್ತಲಿಲ್ಲ. ಕುರ್ಚಿ ಸಮೇತ ಎತ್ತಿ ಮೇಜಿನ ಮೇಲೆ ಇಟ್ಟರು. ಗುಂಡುಗಳನ್ನು ಮಡಿಲಲ್ಲಿ ಹಿಡಿದುಕೊಂಡು ಅಲ್ಲೂ ಅದೇ ಕೆಲಸ. ನಲವತ್ತಕ್ಕೂ ಹೆಚ್ಚು ಸಲ ಮಾಡಿ, ಆಮೇಲೆ ನಿದ್ದೆಯಿಂದ ಎದ್ದವಳಂತೆ ನಗುತ್ತ ನಿಲ್ಲಿಸಿದಳು. ಸಣ್ಣ ಹುಡುಗರಿಗೆ ಒಂದು ಕಡೆ ಮನಸ್ಸು ನಿಲ್ಲೋದಿಲ್ಲ ಅಂತ ಎಲ್ಲರೂ ನಂಬಿದ್ದ ಕಾಲ ಅದು. ಮತ್ತೊಂದು ದಿನ ಸಾಮಾನಿನ ಕಪಾಟಿಗೆ ಬೀಗ ಹಾಕುವುದು ಮರೆತುಹೋಗಿತ್ತು. ಬಂದು ನೋಡಿದರೆ ಮಕ್ಕಳು ತಮಗೆ ಬೇಕಾದ್ದನ್ನು ತಾವೇ ಆರಿಸಿ ತಗೊಂಡು ಕೆಲಸಕ್ಕೆ ಕೂತಿದ್ದರು. ಟೀಚರ್ ಅದನ್ನು ಕಳವು ಅಂದುಕೊಂಡರು, ಮಾರಿಯಾ ಆಯ್ಕೆ ಅಂದುಕೊಂಡರು. ಅಂದಿನಿಂದ ಕಪಾಟುಗಳು ತೆರೆದೇ ಉಳಿದವು, ಎತ್ತರ ಕಡಿಮೆಯಾಯಿತು. ಬಹುಮಾನ, ಶಿಕ್ಷೆ ಎರಡೂ ತಾನಾಗಿಯೇ ನಿಂತವು, ಯಾಕಂದರೆ ಮಕ್ಕಳಿಗೆ ಅದರ ಕಡೆ ಗಮನವೇ ಇರಲಿಲ್ಲ.

ಅಕ್ಷರ ಕಲಿಸುವುದು ಅವರ ಯೋಜನೆಯಲ್ಲೇ ಇರಲಿಲ್ಲ. ತಾಯಂದಿರು ಬಂದು ಕೇಳಿದರು. ಉಸುಕಿನ ಕಾಗದದಲ್ಲಿ ಅಕ್ಷರ ಕತ್ತರಿಸಿ ರಟ್ಟಿಗೆ ಅಂಟಿಸಿ, ಬೆರಳಿನಿಂದ ಸವರುತ್ತ ಆ ಅಕ್ಷರದ ಧ್ವನಿ ಹೇಳುವಂತೆ ಮಾಡಿದರು. ಕೆಲವು ತಿಂಗಳ ನಂತರ, ಮಾಳಿಗೆ ಮೇಲೆ ಮಕ್ಕಳು ಆಡುವಾಗ ಒಬ್ಬ ಹುಡುಗನಿಗೆ ಸೀಮೆಸುಣ್ಣ ಕೊಟ್ಟು ಹೊಗೆಗೂಡಿನ ಚಿತ್ರ ಬರಿ ಅಂದರು. ಚಿತ್ರ ಬರೆದವನು ಪಕ್ಕದ ನೆಲದ ಮೇಲೆ ಕೈ ಅನ್ನುವ ಪದವನ್ನೂ ಬರೆದುಬಿಟ್ಟ. ಬರೆಯಲು ಬಂತು, ಬರೆಯಲು ಬಂತು ಅಂತ ಕುಣಿದಾಡಿದ. ಉಳಿದವರೂ ಸೀಮೆಸುಣ್ಣಕ್ಕೆ ಮುಗಿಬಿದ್ದರು.

ಈ ಪದ್ಧತಿಯಲ್ಲಿ ಏನೇನು ಸಾಮಾನು ಇರುತ್ತದೆ ಅಂತ ಕೇಳುವವರಿಗೆ: ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗಿನ 10 ಗುಲಾಬಿ ಬಣ್ಣದ ಮರದ ಘನಗಳನ್ನು ಒಂದರ ಮೇಲೊಂದು ಇಡುವ ಗೋಪುರ. ಲೆಕ್ಕಕ್ಕೆ ಬಂಗಾರ ಬಣ್ಣದ ಮಣಿಗಳು. ಬಿಡಿಯಾಗಿ ಒಂದು, ಹತ್ತರ ಸರ, ನೂರರ ಚೌಕ, ಸಾವಿರದ ಗಡ್ಡೆ. ಸಾವಿರ ಅಂದರೆ ಎಷ್ಟು ಭಾರ ಅನ್ನುವುದು ಕೂಸಿನ ಕೈಗೇ ಗೊತ್ತಾಗುತ್ತದೆ. ಒಂದೇ ಅಳತೆಯ, ಬೇರೆ ಬೇರೆ ತೂಕದ ಮರದ ಹಲಗೆ. ನಮ್ಮ ನೇಕಾರರಿಗೆ ಖುಷಿಯಾಗುವ ಒಂದು ಪೆಟ್ಟಿಗೆಯೂ ಇದೆ. ಅದರಲ್ಲಿ ಹತ್ತಿ, ರೇಷ್ಮೆ, ಉಣ್ಣೆ ಹೀಗೆ ಬಟ್ಟೆಯ ಜೋಡಿ ತುಂಡುಗಳು. ಕಣ್ಣು ಕಟ್ಟಿಕೊಂಡು ಬರೀ ಬೆರಳಿನಿಂದ ಮುಟ್ಟಿ ಜೋಡಿ ಹುಡುಕಬೇಕು. ಬನಹಟ್ಟಿಯ ಹಿರಿಯ ನೇಕಾರರು ಈಗಲೂ ಬಟ್ಟೆ ನೋಡುವುದು ಹಾಗೇ ಅಲ್ಲವೇ.

ಸಾಮಾನಿಗಿಂತ ಮುಖ್ಯ ಬೇರೆ ಇದೆ. ಮೂರು, ನಾಲ್ಕು, ಐದು ವರ್ಷದ ಮಕ್ಕಳು ಒಂದೇ ಕೋಣೆಯಲ್ಲಿ ಇರುತ್ತಾರೆ, ದೊಡ್ಡದು ಸಣ್ಣದಕ್ಕೆ ಕಲಿಸುತ್ತದೆ. ಬೆಲ್ ಹೊಡೆದು ಪಿರಿಯಡ್ ಬದಲಿಸುವುದಿಲ್ಲ. ಸುಮಾರು ಮೂರು ಗಂಟೆ ಕೆಲಸ ತುಂಡಾಗದಂತೆ ಬಿಡುತ್ತಾರೆ. ತಪ್ಪಾದರೆ ಸಾಮಾನೇ ಹೇಳುತ್ತದೆ, ಟೀಚರ್ ಹೇಳಬೇಕಾಗಿಲ್ಲ. ಅಂದ ಮೇಲೆ ಮಾಂಟೆಸ್ಸರಿ ಒನ್, ಮಾಂಟೆಸ್ಸರಿ ಟೂ ಅಂತ ವಯಸ್ಸಿನ ಪ್ರಕಾರ ಕೋಣೆ ಮಾಡಿ, ಎಲ್ಲರಿಂದ ಒಟ್ಟಿಗೆ ಎಬಿಸಿಡಿ ಹೇಳಿಸಿ, ಮೂರು ವರ್ಷದ ಕೂಸಿಗೆ ಹೋಮ್‌ವರ್ಕ್ ಕೊಟ್ಟು, ವರ್ಷಕ್ಕೊಮ್ಮೆ ರ‍್ಯಾಂಕ್ ಹಂಚಿದರೆ ಅದು ಒಳ್ಳೆಯ ಕಾನ್ವೆಂಟ್ ಇರಬಹುದು, ಮಾಂಟೆಸ್ಸರಿ ಅಲ್ಲ. ಹಂಗಂತ ಎಲ್ಲ ಬೋರ್ಡೂ ಸುಳ್ಳು ಅಂತಲ್ಲ. ಟ್ರೇನಿಂಗ್ ಆದ ಟೀಚರ್‌ಗಳನ್ನು ಇಟ್ಟುಕೊಂಡು ಪ್ರಾಮಾಣಿಕವಾಗಿ ನಡೆಸುವವರೂ ರಾಜ್ಯದಲ್ಲಿ ಇದ್ದಾರೆ. ಫೀ ಕಟ್ಟುವ ತಂದೆ-ತಾಯಿ ಒಳಗೆ ಹೋಗಿ ಅರ್ಧ ತಾಸು ಕೂತು ನೋಡಿದರೆ ಯಾವುದು ಯಾವುದು ಅಂತ ತಿಳಿಯುತ್ತದೆ. ಸೀರೆ ಕೊಳ್ಳುವಾಗ ಸೆರಗು ಬಿಚ್ಚಿ ನೋಡದೆ ಯಾರೂ ದುಡ್ಡು ಕೊಡುವುದಿಲ್ಲ.

ಹೆಸರು ದೊಡ್ಡದಾದಾಗ

1909ರಲ್ಲಿ ಮಾರಿಯಾ ಪುಸ್ತಕ ಬರೆದರು. 1912ರಲ್ಲಿ ಅದು ಇಂಗ್ಲಿಷಿಗೆ ಬಂದು ಅಮೆರಿಕದಲ್ಲಿ ಭರ್ಜರಿ ಮಾರಾಟ ಆಯಿತು. 1913ರ ಡಿಸೆಂಬರಿನಲ್ಲಿ ಅವರೇ ಅಲ್ಲಿಗೆ ಹೋದಾಗ ನ್ಯೂಯಾರ್ಕಿನ ಕಾರ್ನೆಗಿ ಹಾಲ್ ತುಂಬಿತ್ತು. ಟೆಲಿಫೋನ್ ಕಂಡುಹಿಡಿದ ಗ್ರಹಾಂ ಬೆಲ್ ಮತ್ತು ಆತನ ಹೆಂಡತಿ ಅಲ್ಲಿ ಮಾಂಟೆಸ್ಸರಿ ಸಂಘವನ್ನೇ ಕಟ್ಟಿದ್ದರು. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜಾತ್ರೆಯಂಥ ದೊಡ್ಡ ಪ್ರದರ್ಶನದಲ್ಲಿ ಗಾಜಿನ ಗೋಡೆಯ ತರಗತಿ ಮಾಡಿದರು. ಒಳಗೆ ಮಕ್ಕಳು ತಮ್ಮ ಪಾಡಿಗೆ ಕೆಲಸ ಮಾಡುವುದು, ಹೊರಗೆ ಸಾವಿರಾರು ಮಂದಿ ನಿಂತು ನೋಡುವುದು.

ಆದರೆ ಹೆಸರಾದ ಕೂಡಲೇ ನಕಲು ಶುರು. ಪುಸ್ತಕ ಓದಿದವರು, ಓದದವರು ಎಲ್ಲರೂ ಮಾಂಟೆಸ್ಸರಿ ಶಾಲೆ ತೆರೆದರು. ಆಟಿಕೆ ಕಂಪನಿಗಳು ಆ ಹೆಸರು ಹಚ್ಚಿದವು. ಮಾರಿಯಾ ಗಟ್ಟಿಯಾಗಿ ಹಿಡಿದರು: ಸಾಮಾನಿಗೆ ಪೇಟೆಂಟ್, ತಾವು ಕಲಿಸಿದವರಿಗೆ ಮಾತ್ರ ಡಿಪ್ಲೊಮಾ, ಡಿಪ್ಲೊಮಾ ಪಡೆದವರು ಮಕ್ಕಳಿಗೆ ಕಲಿಸಬಹುದೇ ಹೊರತು ಬೇರೆ ಟೀಚರ್‌ಗಳನ್ನು ತಯಾರು ಮಾಡುವಂತಿಲ್ಲ. ಇದರಿಂದ ಹೆಸರು ಉಳಿಯಿತೇ ಅಂದರೆ, ಉಳಿಯಲಿಲ್ಲ. ಬೆಂಬಲಕ್ಕೆ ನಿಂತವರೇ ಬೇಸತ್ತು ದೂರವಾದರು. 1914ರಲ್ಲಿ ಕಿಲ್‌ಪ್ಯಾಟ್ರಿಕ್ ಅನ್ನುವ ಅಮೆರಿಕದ ಪ್ರೊಫೆಸರ್ ಪದ್ಧತಿಯನ್ನು ಟೀಕಿಸಿ ಪುಸ್ತಕ ಬರೆದ ಮೇಲೆ ಅಲ್ಲಿನ ಅಲೆ ಇಳಿಯಿತು. ಬಿಗಿಯಾಗಿ ಹಿಡಿದರೆ ಹರಡುವುದಿಲ್ಲ, ಸಡಿಲ ಬಿಟ್ಟರೆ ಕೆಡುತ್ತದೆ. ಈ ಪೇಚಿನಿಂದ ಆಕೆ ಕೊನೆತನಕ ಹೊರಬರಲಿಲ್ಲ. ದುಡ್ಡಿನ ಆಸೆಗೆ ಹಾಗೆ ಮಾಡಿದರು ಅಂತ ಆಗಲೂ ಅಂದವರಿದ್ದರು. ಬೇರೆ ನೌಕರಿ ಬಿಟ್ಟು ಇದನ್ನೇ ನಂಬಿ ಬದುಕಿದ ಹೆಂಗಸಿಗೆ ಅದೇ ಅನ್ನ ಅನ್ನುವುದೂ ನಿಜ.

ತಾಯಿ ರೆನಿಲ್ದೆ 1912ರ ಕೊನೆಗೆ ತೀರಿಕೊಂಡಳು. ಅದಾದ ಮೇಲೆ ಮಾರಿಯಾ ಮಗನನ್ನು ಮನೆಗೆ ಕರೆತಂದರು. ಹುಡುಗನಿಗೆ ಆಗ 15ರ ಆಸುಪಾಸು. ಹೊರಗಿನವರಿಗೆ ಮಾತ್ರ ಸಂಬಂಧಿ ಹುಡುಗ ಅಂತಲೇ ಪರಿಚಯ. ಜಗತ್ತಿನ ಯಾವ ಯಾವುದೋ ಶಾಲೆಗಳು ಆ ಅಡ್ಡಹೆಸರು ಹಚ್ಚಿಕೊಳ್ಳುತ್ತಿದ್ದಾಗ ಹೊಟ್ಟೆಯಲ್ಲಿ ಹುಟ್ಟಿದ ಮಗನನ್ನು ಮಗ ಅನ್ನಲಿಕ್ಕೆ ಆಗಲಿಲ್ಲ.

ಮುಸೊಲಿನಿಯ ಪ್ರಸಂಗ ಆಕೆಯ ಬದುಕಿನ ಕಪ್ಪು ಚುಕ್ಕೆ, ಮುಚ್ಚಿಡಬೇಕಾದ್ದಿಲ್ಲ. 1924ರಿಂದ ಆ ಸರ್ವಾಧಿಕಾರಿಯ ಸರ್ಕಾರ ಇಟಲಿಯಲ್ಲಿ ಆಕೆಯ ಶಾಲೆಗಳಿಗೆ ಬೆಂಬಲ ಕೊಟ್ಟಿತು, ಆಕೆ ತಗೊಂಡರು. ಆತನಿಗೆ ಬೇಕಾಗಿದ್ದದ್ದು ಜಗತ್ತಿಗೆ ಗೊತ್ತಿದ್ದ ಇಟಲಿಯ ಒಂದು ಹೆಸರು, ಅಷ್ಟೇ. ಮಕ್ಕಳಿಗೆ ಯೂನಿಫಾರ್ಮ್ ಹಾಕಿಸಿ ಸಲಾಂ ಹೊಡೆಸುವ ಹಂತಕ್ಕೆ ಬಂದಾಗ ಜಗಳ ಆಗಿ 1934ರಲ್ಲಿ ದೇಶ ಬಿಟ್ಟರು, ಅಲ್ಲಿನ ಶಾಲೆಗಳು ಮುಚ್ಚಿದವು. ಹಿಟ್ಲರನ ಜರ್ಮನಿಯಲ್ಲೂ ಮುಚ್ಚಿದವು. ಬಾರ್ಸಿಲೋನಾಕ್ಕೆ ಹೋದರೆ ಅಲ್ಲಿ 1936ರಲ್ಲಿ ಅಂತರ್ಯುದ್ಧ. ಕೊನೆಗೆ ಹಾಲೆಂಡ್ ಸೇರಿದರು. 1929ರಲ್ಲಿ ಮಗನ ಜೊತೆ ಸೇರಿ ಕಟ್ಟಿದ್ದ ಅಂತಾರಾಷ್ಟ್ರೀಯ ಮಾಂಟೆಸ್ಸರಿ ಸಂಘದ ಕಚೇರಿಯೂ ಅಲ್ಲಿಗೆ ಬಂತು.

ಅಡ್ಯಾರಿನ ತಾಳೆಗರಿ ಗುಡಿಸಲು

ಆಕೆ ಬರುವ ಮೊದಲೇ ಆಕೆಯ ಹೆಸರು ಭಾರತಕ್ಕೆ ಬಂದಿತ್ತು. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ವಕೀಲಿಕೆ ಬಿಟ್ಟು 1920ರಲ್ಲಿ ಬಾಲಮಂದಿರ ಶುರು ಮಾಡಿದ್ದರು. ಮಾಂಟೆಸ್ಸರಿಯಿಂದ ತಗೊಂಡು, ನಮ್ಮ ಕಥೆ, ಹಾಡು, ನಾಟಕ ಸೇರಿಸಿ, ನಮ್ಮ ಮಕ್ಕಳಿಗೆ ಹೊಂದುವಂತೆ ಮಾಡಿದರು. ಮೀಸೆ ಇರುವ ತಾಯಿ ಅಂತ ಮಂದಿ ಅವರನ್ನು ಪ್ರೀತಿಯಿಂದ ಕರೆಯುತ್ತಿದ್ದರು. ಜೊತೆಗಿದ್ದ ತಾರಾಬಾಯಿ ಮೋಡಕ್ ಮುಂದೆ ಮುಂಬೈ ಪ್ರಾಂತ್ಯದ ಬೋರ್ಡಿ, ಕೋಸಬಾಡ ಕಡೆ ಹೋಗಿ ಆದಿವಾಸಿ ಮಕ್ಕಳ ಅಂಗಳಕ್ಕೇ ಶಾಲೆ ಒಯ್ದರು. ದುಬಾರಿ ಸಾಮಾನಿನ ಬದಲು ಕಲ್ಲು, ಎಲೆ, ಬೀಜ, ಮಣ್ಣು. ಬಾಲವಾಡಿ ಅನ್ನುವ ಪದ ಅಲ್ಲಿಂದ ಬಂದದ್ದು. 1956ರವರೆಗೆ ಮುಂಬೈಗೇ ಸೇರಿದ್ದ ನಮ್ಮ ಭಾಗದ ಹಿರಿಯರಿಗೆ ಆ ಪದ ಇನ್ನೂ ನೆನಪಿರುತ್ತದೆ. ಇಷ್ಟು ಮಾಡಿದ ಗಿಜುಭಾಯಿ, ತಾರಾಬಾಯಿ ಹೆಸರಿನಲ್ಲಿ ನಮ್ಮ ಕಡೆ ಬ್ಯಾನರ್ ಕಾಣುವುದಿಲ್ಲ. ಇಂಗ್ಲಿಷ್ ಅನಿಸದ ಹೆಸರಿಗೆ ಅಡ್ಮಿಷನ್ ಬರುವುದಿಲ್ಲ ಅನ್ನುವ ಲೆಕ್ಕ ಇರಬೇಕು. ಮಾಂಟೆಸ್ಸರಿ ಅನ್ನುವುದೂ ಇಂಗ್ಲಿಷ್ ಹೆಸರಲ್ಲ, ಪಾಪ.

ಗಾಂಧೀಜಿ 1931ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಆಕೆಯನ್ನು ಭೇಟಿಯಾಗಿ, ಟೀಚರ್‌ಗಳ ಮುಂದೆ ಮಾತಾಡಿದ್ದರು. ಈ ಕಲಿಕೆ ಉಳ್ಳವರ ಮಕ್ಕಳಿಗೆ ಮಾತ್ರವಲ್ಲ, ಕಡುಬಡವರ ಮಕ್ಕಳಿಗೂ ಸಿಗಲಿ ಅನ್ನುವುದು ಅವರ ಆಸೆಯಾಗಿತ್ತು.

1939ರ ಜೂನ್‌ನಲ್ಲಿ ಗಿಜುಭಾಯಿ ತೀರಿಕೊಂಡರು. ಕೆಲವೇ ತಿಂಗಳಲ್ಲಿ, ಅದೇ ವರ್ಷದ ಕೊನೆಗೆ, 69 ವರ್ಷದ ಮಾರಿಯಾ ಮಗನ ಜೊತೆ ಮದ್ರಾಸಿಗೆ ಬಂದರು. ಕರೆದವರು ಅಡ್ಯಾರಿನ ಥಿಯಾಸಾಫಿಕಲ್ ಸೊಸೈಟಿಯ ಜಾರ್ಜ್ ಅರುಂಡೇಲ್ ಮತ್ತು ಭರತನಾಟ್ಯದ ರುಕ್ಮಿಣಿದೇವಿ. ಆಗ ಜಮಖಂಡಿ, ಮುಧೋಳ ಎರಡೂ ಸಂಸ್ಥಾನ, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆ. ಅಡ್ಯಾರಿನಲ್ಲಿ ತಾಳೆಗರಿ ಗುಡಿಸಲು ಹಾಕಿ, ಸುಮಾರು 300 ಟೀಚರ್‌ಗಳು ದೇಶದ ಎಲ್ಲ ಮೂಲೆಯಿಂದ ಬಂದು ಚಾಪೆ ಮೇಲೆ ಕೂತರು. ಆಕೆ ಇಟಲಿ ಭಾಷೆಯಲ್ಲಿ ಹೇಳುವುದು, ಮಾರಿಯೊ ಇಂಗ್ಲಿಷಿಗೆ ತಿರುಗಿಸುವುದು. ಬಂದದ್ದು ಕೆಲವು ತಿಂಗಳ ಕೋರ್ಸಿಗೆ.

1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕೆ ಇಳಿಯಿತು. ಬ್ರಿಟಿಷ್ ಸರ್ಕಾರಕ್ಕೆ ಇಟಲಿಯವರೆಲ್ಲ ಶತ್ರುಗಳು. ಮಾರಿಯೊನನ್ನು ಹಿಡಿದು ಅಹ್ಮದನಗರದ ಕ್ಯಾಂಪಿನಲ್ಲಿ ಇಟ್ಟರು. ನಮ್ಮ ಮಂದಿ ಸೋಲಾಪುರ ಮೇಲೆ ಶಿರಡಿಗೆ ಹೋಗುವಾಗ ದಾಟುವ ಅದೇ ಅಹ್ಮದನಗರ. ತಾಯಿ ಅಡ್ಯಾರ್ ಬಿಟ್ಟು ಹೊರಗೆ ಹೋಗುವಂತಿಲ್ಲ. ಮುಸೊಲಿನಿ ಜೊತೆ ಜಗಳ ಆಡಿ ಬಂದವರನ್ನೇ ಮುಸೊಲಿನಿಯ ಕಡೆಯವರು ಅಂತ ಹಿಡಿದಂತಾಯಿತು.

ಅದೇ ಆಗಸ್ಟ್ 31ಕ್ಕೆ ಆಕೆಗೆ 70 ತುಂಬಿತು. ಆ ದಿನ ವೈಸ್‌ರಾಯ್ ಕಡೆಯಿಂದ ಸಂದೇಶ ಬಂತು. ಹುಟ್ಟುಹಬ್ಬದ ಕಾಣಿಕೆಯಾಗಿ ಆಕೆಯ ಮಗನನ್ನು ಬಿಡುಗಡೆ ಮಾಡುತ್ತೇವೆ ಅಂತ. ನಲವತ್ತೆರಡು ವರ್ಷ ಬಾಯಿಬಿಟ್ಟು ಹೇಳಲಾಗದ ಮಗ ಅನ್ನುವ ಪದ ಮೊದಲ ಸಲ ಎಲ್ಲರ ಎದುರಿಗೆ ಬಂದದ್ದು ಸರ್ಕಾರಿ ಸಂದೇಶದಲ್ಲಿ, ಅದೂ ಭಾರತದಲ್ಲಿ.

ಯುದ್ಧ ಮುಗಿಯುವತನಕ ವಾಪಸ್ ಹೋಗಲಾಗಲಿಲ್ಲ. ಸೀರೆ ಉಟ್ಟ ಫೋಟೋಗಳಿವೆ. 1942ರಿಂದ ಎರಡು ವರ್ಷ ಕೊಡೈಕನಾಲ್ ಬೆಟ್ಟದಲ್ಲಿದ್ದರು. ಅಲ್ಲಿ ಎಲ್ಲ ವಯಸ್ಸಿನ ಮಕ್ಕಳ ಜೊತೆ ಗಿಡ, ಹುಳ, ಕಲ್ಲು, ನೀರು ನೋಡುತ್ತ ದೊಡ್ಡ ಮಕ್ಕಳ ಪಾಠಕ್ರಮ ಬೆಳೆಸಿದರು. ಅಂದರೆ ಇವತ್ತು ಜಗತ್ತಿನಲ್ಲಿ 6ರಿಂದ 12 ವರ್ಷದವರಿಗೆ ನಡೆಯುವ ಮಾಂಟೆಸ್ಸರಿ ಶಿಕ್ಷಣದ ಬೇರು ತಮಿಳುನಾಡಿನ ಬೆಟ್ಟದಲ್ಲಿದೆ. ಅಹ್ಮದಾಬಾದ್, ಕರಾಚಿ, ಶ್ರೀನಗರ, ಕೊಲಂಬೊ ಕಡೆಯೂ ಕೋರ್ಸ್ ಕೊಟ್ಟರು. ಸಾವಿರಕ್ಕೂ ಹೆಚ್ಚು ಭಾರತೀಯರು ಅವರ ಕೈಯಲ್ಲಿ ನೇರವಾಗಿ ಕಲಿತರು. ಹುಟ್ಟಿದ ಕೂಸು ಸುತ್ತಲಿನದ್ದನ್ನೆಲ್ಲ ಹೀರಿಕೊಳ್ಳುವ ಬಗೆಯನ್ನು ವಿವರಿಸುವ ಅವರ ಪ್ರಸಿದ್ಧ ಪುಸ್ತಕ ಇಲ್ಲಿಯ ಉಪನ್ಯಾಸಗಳಿಂದ ಹುಟ್ಟಿ 1949ರಲ್ಲಿ ಮದ್ರಾಸಿನಲ್ಲೇ ಪ್ರಕಟ ಆಯಿತು. 1946ರಲ್ಲಿ ಯುರೋಪಿಗೆ ಹೋಗಿ, 1947ರಲ್ಲಿ ಮತ್ತೆ ಬಂದು, 1949ರಲ್ಲಿ ಪೂರ್ತಿಯಾಗಿ ಹೊರಟರು. 1949, 1950, 1951 ಮೂರು ವರ್ಷವೂ ನೊಬೆಲ್ ಶಾಂತಿ ಪ್ರಶಸ್ತಿಗೆ ಹೆಸರು ಹೋಗಿತ್ತು, ಬರಲಿಲ್ಲ.

1952ರ ಮೇ 6ರಂದು ಹಾಲೆಂಡಿನ ಸಮುದ್ರದ ದಂಡೆಯ ನೂರ್ಡ್‌ವೈಕ್‌ನಲ್ಲಿ ತೀರಿಕೊಂಡರು. 81 ವರ್ಷ. ಆಫ್ರಿಕಾದ ಘಾನಾಕ್ಕೆ ಹೋಗಿ ಟೀಚರ್‌ಗಳಿಗೆ ಕಲಿಸುವ ಬಗ್ಗೆ ಆ ದಿನ ಮಗನ ಜೊತೆ ಮಾತಾಡುತ್ತಿದ್ದರಂತೆ. ಊರಿಗೆ ಒಯ್ಯಬೇಡಿ, ಸತ್ತಲ್ಲೇ ಮಣ್ಣು ಮಾಡಿ ಅಂತ ಮೊದಲೇ ಹೇಳಿದ್ದರು, ಹಾಗೇ ಮಾಡಿದರು.

ಹೆಸರಿನ ಜಗಳ ಆಮೇಲೂ ಮುಗಿಯಲಿಲ್ಲ. ಅಮೆರಿಕದಲ್ಲಿ 1960ರಲ್ಲಿ ಹೊಸ ಮಾಂಟೆಸ್ಸರಿ ಸೊಸೈಟಿ ಹುಟ್ಟಿತು. ಅದಕ್ಕೂ ಮಾರಿಯೊ ನಡೆಸುತ್ತಿದ್ದ ಹಳೆಯ ಸಂಘಕ್ಕೂ ಹೆಸರು ಯಾರದ್ದು ಅಂತ ವ್ಯಾಜ್ಯ. 1967ರಲ್ಲಿ ಅಲ್ಲಿನ ಟ್ರೇಡ್‌ಮಾರ್ಕ್ ಮಂಡಳಿ ಮಾಂಟೆಸ್ಸರಿ ಅನ್ನುವುದು ಒಂದು ಪದ್ಧತಿಯ ಸಾಮಾನ್ಯ ಹೆಸರು, ಒಬ್ಬರ ಸ್ವತ್ತಲ್ಲ ಅಂತ ತೀರ್ಪು ಕೊಟ್ಟಿತು. ನಮ್ಮ ಇಳಕಲ್ ಸೀರೆಗಾದರೂ ಜಿಐ ಟ್ಯಾಗ್ ಇದೆ. ಆಕೆಯ ಹೆಸರಿಗೆ ಅದೂ ಇಲ್ಲ. ಗೂಗಲ್ ಕಟ್ಟಿದ ಲ್ಯಾರಿ ಪೇಜ್, ಸೆರ್ಗಿ ಬ್ರಿನ್ ಇಬ್ಬರೂ ಸಣ್ಣವರಿದ್ದಾಗ ಮಾಂಟೆಸ್ಸರಿ ಶಾಲೆಯಲ್ಲಿ ಕಲಿತವರು ಅನ್ನುವುದು ಗೊತ್ತಾದ ಮೇಲಂತೂ ಹೆಸರಿನ ಕಿಮ್ಮತ್ತು ಮತ್ತೂ ಏರಿತು. ಇಟಲಿ ಸರ್ಕಾರ 1990ರಲ್ಲಿ ತನ್ನ 1000 ಲಿರಾ ನೋಟಿನ ಮೇಲೆ ಆಕೆಯ ಮುಖ ಅಚ್ಚು ಹಾಕಿತು. ಸಂತೆಯಲ್ಲಿ ಚಹಾ-ತಿಂಡಿಗೆ ಕೈ ಬದಲಾಗುವ ಸಣ್ಣ ನೋಟು ಅದು.

ನಮ್ಮ ರಾಜ್ಯದಲ್ಲಿ 2024ರಲ್ಲಿ ಸರ್ಕಾರ ಅಂಗನವಾಡಿಗಳಲ್ಲಿ ಎಲ್‌ಕೆಜಿ, ಯುಕೆಜಿ ಶುರು ಮಾಡುವಾಗ ಇಟ್ಟ ಹೆಸರು ಸರ್ಕಾರಿ ಮಾಂಟೆಸ್ಸರಿ. ಅಂಗನವಾಡಿ ಅಂದರೆ ಮಂದಿ ಮಕ್ಕಳನ್ನು ಕಳಿಸುವುದಿಲ್ಲ, ಮಾಂಟೆಸ್ಸರಿ ಅಂದರೆ ಕಳಿಸುತ್ತಾರೆ ಅನ್ನುವುದು ಈಗ ಸರ್ಕಾರಕ್ಕೂ ಗೊತ್ತಾದಂತಿದೆ. ಬಡವರ ಅಂಗಳದಲ್ಲಿ ಹುಟ್ಟಿದ ಶಾಲೆ ಸುತ್ತು ಹಾಕಿ ಬಡವರ ಅಂಗಳಕ್ಕೇ ಬಂದಂತಾಯಿತು ಅಂತ ಖುಷಿ ಪಡಬಹುದು. ಆದರೆ ಬೋರ್ಡಿನ ಜೊತೆ ಮಣಿ, ಮರದ ಗುಂಡು, ಟ್ರೇನಿಂಗ್ ಆದ ಕಾರ್ಯಕರ್ತೆ ಬರುತ್ತಾರೋ ಇಲ್ಲವೋ ಅನ್ನುವುದನ್ನು ಆಯಾ ಅಂಗನವಾಡಿಗೆ ಮಕ್ಕಳನ್ನು ಕಳಿಸುವ ತಾಯಂದಿರೇ ಒಳಗೆ ಹೋಗಿ ನೋಡಬೇಕು.

ರೋಮ್ ನಗರದ ಮಾರ್ಸಿ ಬೀದಿಯ 58ನೇ ನಂಬರಿನ ಆ ಕಟ್ಟಡ ಇನ್ನೂ ಇದೆ. ಒಳಗೆ ಮಕ್ಕಳ ಶಾಲೆ ನಡೆಯುತ್ತದೆ. ಹೆಸರು ಮೊದಲಿನದ್ದೇ, ಮಕ್ಕಳ ಮನೆ.